ಗಾಳಿ ಸೋಕಿದ ಕಾರು

ಎಂಜಿನ್ನಿಗೆ ಪೆಟ್ರೋಲು ಕುಡಿಸುವುದು ಕಷ್ಟವಲ್ಲ. ದುಡ್ಡಿದ್ದರೆ ಎಷ್ಟು ಬೇಕಾದರೂ ಕುಡಿಯುತ್ತದೆ. ಕಷ್ಟವಿರುವುದು ಗಾಳಿ ಕುಡಿಸುವುದರಲ್ಲಿ. ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು. ಗಾಳಿಯೇನೋ ಪುಕ್ಕಟೆ ಸಿಗುತ್ತದೆ. ಆದರೆ ಪುಕ್ಕಟೆ ಸಿಗುವ ಪದಾರ್ಥದ ಸ್ವಭಾವವೇ ಅಷ್ಟು, ತಾನಾಗಿ ಬರುವಷ್ಟು ಬರುತ್ತದೆ, ಇನ್ನೊಂದು ಚೂರು ಬೇಕೆಂದರೆ ಅಲ್ಲಿಂದಲೇ ಖರ್ಚು ಶುರು. ಪಿಸ್ಟನ್ನು ಕೆಳಗಿಳಿದಾಗ ಹೊರಗಿನ ವಾತಾವರಣ ಎಷ್ಟು ತಳ್ಳುತ್ತದೋ ಅಷ್ಟೇ ಗಾಳಿ ಸಿಲಿಂಡರಿನ ಪಾಲಿಗೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಕೂತ ಬೆಂಗಳೂರಿನಲ್ಲಿ ಅದರಲ್ಲೂ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಖೋತಾ. ನಮ್ಮೂರಿನ ಕಾರುಗಳೆಲ್ಲ ಅಷ್ಟರಮಟ್ಟಿಗೆ ಏದುಸಿರಿನವು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿಗೆ ಆ ಹತ್ತನೇ ಒಂದು ಪಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬುದು ಬೇರೆ ಮಾತು.

ಈ ಗಾಳಿಯನ್ನು ಬಲವಂತವಾಗಿ ಒಳಗೆ ನೂಕುವ ಯಂತ್ರವೇ ಸೂಪರ್‌ಚಾರ್ಜರು. ಹಳಬರು ಬ್ಲೋವರು ಅನ್ನುತ್ತಾರೆ. ಕಾರು ಹುಟ್ಟುವುದಕ್ಕೆ ಮೊದಲೇ ಇದು ಹುಟ್ಟಿತ್ತು. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನ ರೂಟ್ಸ್ ಸಹೋದರರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದುವುದು ಅದರ ಕಸುಬಾಯಿತು. ಕುಲುಮೆ ಬಿಟ್ಟು ಮಾರಾಟದ ಕಾರಿನ ಬಾನೆಟ್ಟಿನೊಳಗೆ ಸೇರಿಕೊಳ್ಳಲು ಅದಕ್ಕೆ ಅರವತ್ತು ವರ್ಷ ಹಿಡಿಯಿತು. 1921ರ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್‌ನವರು ಅಂಥ ಕಾರುಗಳನ್ನು ಜನರ ಮುಂದಿಟ್ಟರು. ಆ ಕಾಲದ ಮರ್ಸಿಡಿಸ್‌ಗಳಲ್ಲಿ ಬ್ಲೋವರು ಸದಾ ತಿರುಗುತ್ತಿರಲಿಲ್ಲ. ಆಕ್ಸಿಲರೇಟರನ್ನು ನೆಲ ಮುಟ್ಟುವಂತೆ ಒತ್ತಿದಾಗ ಮಾತ್ರ ಕಿರುಚಿಕೊಂಡು ಎದ್ದು ಗಾಳಿ ನೂಕುತ್ತಿತ್ತು, ಕಾಲೆತ್ತಿದರೆ ಮಲಗುತ್ತಿತ್ತು. ಸ್ವಲ್ಪ ಹೊತ್ತು ಮಾತ್ರ ಬಳಸಿ ಎಂದು ತಯಾರಕರ ತಾಕೀತು ಬೇರೆ. ಸಂಸಾರಸ್ಥರಿಗೆ ಹೇಳಿ ಮಾಡಿಸಿದ ಏರ್ಪಾಡು ಅದು. ಆಮೇಲೆ ಬಂದವರು ಯಾಕೆ ಬಿಟ್ಟರೋ!

ಇಂಗ್ಲೆಂಡಿನ ಬೆಂಟ್ಲಿಯ ಕಥೆ ಇನ್ನೂ ಸ್ವಾರಸ್ಯದ್ದು. ಕಂಪನಿ ಕಟ್ಟಿದ ಡಬ್ಲ್ಯು. ಓ. ಬೆಂಟ್ಲಿಗೆ ಬ್ಲೋವರು ಕಂಡರೆ ಆಗುತ್ತಿರಲಿಲ್ಲ. ಶಕ್ತಿ ಬೇಕಿದ್ದರೆ ದೊಡ್ಡ ಎಂಜಿನ್ ಕಟ್ಟಿ, ಸಣ್ಣದಕ್ಕೆ ಗಾಳಿ ತುರುಕಿ ಅದರ ಹದ ಕೆಡಿಸಬೇಡಿ ಎಂಬುದು ಅವರ ಪಟ್ಟು. ಅವರದೇ ಕಾರುಗಳನ್ನು ಓಡಿಸುತ್ತಿದ್ದ ಟಿಮ್ ಬರ್ಕಿನ್ ಕೇಳಲಿಲ್ಲ. ಡೊರೊಥಿ ಪ್ಯಾಜೆಟ್ ಎಂಬ ಸಿರಿವಂತ ಮಹಿಳೆ ದುಡ್ಡು ಹಾಕಿದರು, ಆಮ್‌ಹರ್ಸ್ಟ್ ವಿಲಿಯರ್ಸ್ ಎಂಬ ಎಂಜಿನಿಯರು ಬ್ಲೋವರು ಮಾಡಿಕೊಟ್ಟರು. ರೇಡಿಯೇಟರಿನ ಮುಂದೆ, ಕಾರಿನ ಮೂಗಿನ ಕೆಳಗೆ, ಅದು ಎಲ್ಲರಿಗೂ ಕಾಣುವಂತೆ ಕೂತಿತು. 1930ರ ಲ ಮಾನ್ ರೇಸಿನಲ್ಲಿ ಬರ್ಕಿನ್ ಆ ಕಾರಿನಲ್ಲಿ ಮರ್ಸಿಡಿಸ್‌ನ ಬೆನ್ನುಹತ್ತಿ, ಚಕ್ರಗಳನ್ನು ಹುಲ್ಲಿನ ಮೇಲಿಳಿಸಿ ಹಿಂದೆ ಹಾಕಿದ್ದನ್ನು ಇಂದಿಗೂ ಹೇಳಿಕೊಳ್ಳುತ್ತಾರೆ. ಆದರೆ ಬ್ಲೋವರಿನ ಬೆಂಟ್ಲಿಗಳು ರೇಸು ಮುಗಿಸಲಿಲ್ಲ. ಗೆದ್ದದ್ದು ಬ್ಲೋವರಿಲ್ಲದ, ದೊಡ್ಡ ಎಂಜಿನ್ನಿನ ಬೆಂಟ್ಲಿಯೇ. ಇಷ್ಟಾಗಿಯೂ ಈಗ ಜನ ಆಟಿಕೆ ಮಾಡಿಸಿಕೊಳ್ಳುವುದು, ಗೋಡೆಗೆ ಚಿತ್ರ ಹಾಕಿಕೊಳ್ಳುವುದು ಸೋತ ಕಾರಿನದು. ಗೆದ್ದವರಿಗೆ ಕಪ್ಪು, ಸೋತವರಿಗೆ ಕೀರ್ತಿ.

ಈ ಕಥೆಯನ್ನು ನಾನು ಅಳಿಯಂದಿರಿಗೆ ಹೇಳಿದ್ದು ಬುದ್ಧಿಮಾತಿನ ಉದ್ದೇಶದಿಂದ. ಅವರು ಅದನ್ನು ಪ್ರೋತ್ಸಾಹ ಎಂದು ತಿಳಿದರು.

ಅಳಿಯಂದಿರು ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಆಫೀಸು ಸ್ಯಾನ್ ಹೋಸೆಯಲ್ಲಿ. ನಡುವೆ 880 ಎಂಬ ಹೆದ್ದಾರಿ; ಬೆಳಗ್ಗೆ ಎಂಟಕ್ಕೆ ಅದನ್ನು ಹೆದ್ದಾರಿ ಅನ್ನುವುದು ಸೌಜನ್ಯಕ್ಕೆ. ಈ ದಾರಿಯಲ್ಲಿ ದಿನಾ ಹೋಗಿಬರಲು ಅವರು ಇಟ್ಟುಕೊಂಡಿರುವುದು 2013ರ ಸಯಾನ್ ಎಫ್‌ಆರ್-ಎಸ್, ಅಂದರೆ ಬೇರೆ ದೇಶಗಳಲ್ಲಿ ಟೊಯೋಟಾ 86 ಎಂಬ ಹೆಸರಿನ, ಸುಬಾರು ಎಂಜಿನ್ನಿನ, ಎರಡು ಬಾಗಿಲಿನ ಕಾರು. ಹಿಂದಿನ ಸೀಟು ಇದೆ ಎಂದು ಕಾಗದಪತ್ರದಲ್ಲಿದೆ. ನಾನು ಒಮ್ಮೆ ಅಲ್ಲಿ ಕೂರಲು ನೋಡಿ, ಅದು ಸೋನಾ ಮಸೂರಿ ಮೂಟೆಗೆ ಮೀಸಲಾದ ಜಾಗ ಎಂಬ ತೀರ್ಮಾನಕ್ಕೆ ಬಂದೆ. ಎರಡು ಲೀಟರ್ ಎಂಜಿನ್ನು, 200 ಕುದುರೆ ಶಕ್ತಿ. ಸಿಲಿಂಡರಿನ ಅಗಲ 86 ಮಿ.ಮೀ., ಪಿಸ್ಟನ್ನಿನ ಓಟವೂ 86 ಮಿ.ಮೀ. ಒಳ್ಳೆಯ ಕಾರು. ಆದರೆ 3,500ರಿಂದ 4,500 ಸುತ್ತಿನ ನಡುವೆ ಎಂಜಿನ್ನು ಏನೋ ನೆನಪಿಸಿಕೊಳ್ಳುವಂತೆ ಒಂದು ಗಳಿಗೆ ತಡವರಿಸುತ್ತದೆ. ಪಿಕಪ್ಪಿನಲ್ಲಿ ಆ ಒಂದು ತಗ್ಗು ಈ ಕಾರಿನವರಿಗೆಲ್ಲ ಕಾಡುವ ಸಂಗತಿ. ಅದನ್ನು ತುಂಬಲು ಬ್ಲೋವರು ಹಾಕಿಸುತ್ತೇನೆ ಎಂದು ಅಳಿಯಂದಿರು ಒಂದು ದಿನ ಚಪಾತಿ ಮುರಿಯುತ್ತಾ ಹೇಳಿದರು.

"ಅಪ್ಪಾ, ನೀನಾದ್ರೂ ಹೇಳು," ಅಂದಳು ಮಗಳು.

ಅಳಿಯಂದಿರಿಗೆ ಮಾವ ಹೇಳುವ ಮಾತು ಎಷ್ಟು ದೂರ ಹೋಗುತ್ತದೆ ಎಂಬುದು ಓದುಗರಿಗೆ ಗೊತ್ತಿರುವುದೇ. "ನೀವೇ ಯೋಚಿಸಿ ನೋಡಿ" ಅಂದೆ. ಅವರು ಯೋಚಿಸಿಯೇ ಬಿಟ್ಟಿದ್ದರು.

ಕಿಟ್ಟಿನ ಬೆಲೆ ಐದರಿಂದ ಏಳು ಸಾವಿರ ಡಾಲರು. ಅದನ್ನು ಹಾಕಿದರೆ ಇರುವ ಶಕ್ತಿಯ ಮೂರನೇ ಒಂದು ಪಾಲು ಹೆಚ್ಚುತ್ತದೆ. ಇಷ್ಟು ಹೇಳಿ ನಿಲ್ಲಿಸಿದರೆ ವಿಷಯ ಸರಳ. ಮಾರುವವರು ಇಷ್ಟೇ ಹೇಳಿ ನಿಲ್ಲಿಸುವುದು. ಅಳಿಯಂದಿರ ಆಯ್ಕೆ ರೋಟ್ರೆಕ್ಸ್ ಎಂಬ ಡೆನ್ಮಾರ್ಕಿನ ಕಂಪನಿಯ ಯಂತ್ರ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಈ ಯಂತ್ರದ ಒಳಗಿನ ಅಂಗೈ ಅಗಲದ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಇದಕ್ಕೆ ಎಂಜಿನ್ನಿನ ಆಯಿಲ್ಲು ನಡೆಯುವುದಿಲ್ಲ, ತನ್ನದೇ ಬೇರೆ ಆಯಿಲ್ಲು ಬೇಕು. ಆ ಆಯಿಲ್ಲಿಗೆ ಬೇರೆ ಡಬ್ಬಿ, ಬೇರೆ ಫಿಲ್ಟರು, ತಣ್ಣಗಾಗಲು ಬೇರೆ ಪುಟ್ಟ ಕೂಲರು. ಬರುವಾಗಲೇ ಮಡಿಯ ಅಡುಗೆಯವರನ್ನು ಕರೆತಂದ ಅತಿಥಿ. ಪೆಟ್ಟಿಗೆ ಬಿಚ್ಚಿ ಗ್ಯಾರೇಜಿನ ನೆಲದ ಮೇಲೆ ಹರಡಿದಾಗ ಬ್ಲೋವರಿಗೆ ಸಿಕ್ಕ ಜಾಗ ಒಂದು ಮೂಲೆ ಮಾತ್ರ.

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 30 ಡಿಗ್ರಿಯ ಗಾಳಿಗೆ 7 ಪಿಎಸ್‌ಐ ಹೆಚ್ಚಿನ ಒತ್ತಡ ಕೊಟ್ಟರೆ ಅದು 80 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಸಿಲಿಂಡರಿನಲ್ಲಿ ಹಿಡಿಯುವುದೂ ಕಡಿಮೆ, ಅಂದರೆ ಒತ್ತಿದ ಶ್ರಮದಲ್ಲಿ ಅರ್ಧ ನೀರುಪಾಲು. ಅದಕ್ಕಿಂತ ದೊಡ್ಡ ಕೇಡು, ಬಿಸಿ ಮಿಶ್ರಣ ಕಿಡಿಯಿಂದ ಹಬ್ಬುವ ಜ್ವಾಲೆ ತನ್ನ ಬಳಿ ಬರುವ ಸರದಿಗೆ ಕಾಯದೆ ತಾನೇ ಹೊತ್ತಿಕೊಳ್ಳುವುದು. ಇದೇ ನಾಕಿಂಗ್. ಮೊದಲು ಟಿಣ್ ಟಿಣ್ ಎಂಬ ಸಣ್ಣ ಸದ್ದು. ಅದನ್ನು ಅಲಕ್ಷ್ಯ ಮಾಡಿದರೆ ಪಿಸ್ಟನ್ನಿನ ಅಂಚೇ ಹಾರಿಹೋಗಬಹುದು. ಈ ಎಂಜಿನ್ನಿನ ಕಂಪ್ರೆಶನ್ನು ಮೊದಲೇ 12.5ಕ್ಕೆ 1. ತಾನಾಗಿ ಉಸಿರಾಡುವ ಎಂಜಿನ್ನಿಗೆ ಅದು ಹೆಮ್ಮೆಯ ಅಂಕಿ, ಬ್ಲೋವರು ಹಾಕುವವರಿಗೆ ಭಯದ ಅಂಕಿ. ಹಾಗಾಗಿ ಗಾಳಿಯನ್ನು ತಣಿಸಲು ಇಂಟರ್‌ಕೂಲರು ಬೇಕು. ನಾಕಿಂಗ್ ತಡೆಯಲು ಪೆಟ್ರೋಲೂ ಒಳ್ಳೆಯದಿರಬೇಕು, ಆದರೆ ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಸಿಗುವ ಅತಿ ಒಳ್ಳೆಯ ಪೆಟ್ರೋಲು ಸಾಮಾನ್ಯವಾಗಿ 91 ಆಕ್ಟೇನ್. ಪೂರ್ವದ ರಾಜ್ಯಗಳವರು 93 ಹಾಕಿಸಿಕೊಂಡು ಮೆರೆಯುತ್ತಾರೆ. (ಬೆಂಗಳೂರಿನ ಬಂಕಿನ ಅಂಕಿಯ ಪಕ್ಕದಲ್ಲಿಟ್ಟು ನೋಡಿ ಹಿಗ್ಗಬೇಡಿ, ಅಳೆಯುವ ಕೋಲು ಬೇರೆ. ಅವರ 91 ನಮ್ಮ ಲೆಕ್ಕದಲ್ಲಿ 95ರ ಮೇಲಿರುತ್ತದೆ.)

ಇಂಟರ್‌ಕೂಲರನ್ನು ಎಲ್ಲಿ ಕೂರಿಸುವುದು? ಗಾಳಿ ಮೊದಲು ಬಡಿಯುವ ಜಾಗದಲ್ಲಿ, ಅಂದರೆ ರೇಡಿಯೇಟರಿನ ಮುಂದೆ. ಅಲ್ಲಿ ಆಗಲೇ ಎಸಿಯ ಕಂಡೆನ್ಸರು ಇದೆ. ಮುಂದೆ ನಿಂತದ್ದು ಬಿಟ್ಟ ಬಿಸಿಯನ್ನೇ ಹಿಂದಿನದು ಉಸಿರಾಡಬೇಕು. ರೇಸಿನ ಕಾರಿನವರು ಎಸಿ ಕಿತ್ತು ಬಿಸಾಡಿ ಸಮಸ್ಯೆ ಮುಗಿಸುತ್ತಾರೆ. ದಿನಾ ಓಡಿಸುವ ಕಾರಿನಲ್ಲಿ ಎಸಿ ಕೀಳುವ ಮಾತು ಮಗಳ ಮುಂದೆ ಆಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹಾಗಾಗಿ ದಪ್ಪ ರೇಡಿಯೇಟರು ಬಂತು. ಎಂಜಿನ್ ಆಯಿಲ್ಲು ಗುಡ್ಡದ ದಾರಿಯಲ್ಲಿ ಜೋರಾಗಿ ಓಡಿಸಿದರೆ ಮೊದಲೇ 120 ಡಿಗ್ರಿ ಮುಟ್ಟುವಂಥದ್ದು, ಅದಕ್ಕೊಂದು ಆಯಿಲ್ ಕೂಲರು ಬಂತು. ಆದರೆ ಡಿಸೆಂಬರಿನ ಬೆಳಗ್ಗೆ ಎರಡು ಮೈಲಿ ದೂರದ ಅಂಗಡಿಗೆ ಹೋದರೆ ಇದೇ ಕೂಲರು ಆಯಿಲ್ಲನ್ನು ಬಿಸಿಯಾಗಲಿಕ್ಕೇ ಬಿಡುವುದಿಲ್ಲ. ತಣ್ಣನೆಯ ಆಯಿಲ್ಲಿನಲ್ಲಿ ಎಂಜಿನ್ನು ಸವೆಯುತ್ತದೆ. ಆದ್ದರಿಂದ ಆಯಿಲ್ಲು ಕಾದ ಮೇಲಷ್ಟೇ ಕೂಲರಿನ ದಾರಿ ಬಿಡುವ ಥರ್ಮೊಸ್ಟ್ಯಾಟು ಬಂತು. ತಣಿಸುವುದಕ್ಕೆ ಒಂದು, ತಣಿಸದಿರುವುದಕ್ಕೆ ಇನ್ನೊಂದು. ದಿನಬಳಕೆಯ ಕಾರಿಗೂ ರೇಸಿನ ಕಾರಿಗೂ ವ್ಯತ್ಯಾಸ ಇರುವುದು ಈ ಎರಡನೆಯದರಲ್ಲಿ. ಅದರ ಫೋಟೊ ಯಾರೂ ತೆಗೆಯುವುದಿಲ್ಲ.

ಸ್ಪಾರ್ಕ್ ಪ್ಲಗ್ಗಿನ ದಿನದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸುಬಾರು ಎಂಜಿನ್ನಿನ ಸಿಲಿಂಡರುಗಳು ನಿಂತಿರುವುದಿಲ್ಲ, ಎರಡು ಎಡಕ್ಕೆ ಎರಡು ಬಲಕ್ಕೆ ಮಲಗಿರುತ್ತವೆ. ಆದ್ದರಿಂದ ಪ್ಲಗ್ಗುಗಳಿರುವುದು ಎಂಜಿನ್ನಿನ ಎರಡು ಪಕ್ಕೆಗಳಲ್ಲಿ, ಚಾಸಿಯ ಗೋಡೆಗೆ ಮುಖಮಾಡಿ. ನಡುವೆ ಇರುವ ಸಂದಿನಲ್ಲಿ ಕೈ ಹೋದರೆ ಪಾನ ಹೋಗದು, ಪಾನ ಹೋದರೆ ಕೈ ಹೋಗದು. ಬ್ಲೋವರಿನ ಒತ್ತಡಕ್ಕೆ ಮೊದಲಿನ ಪ್ಲಗ್ಗು ಸಾಲದು. ಬಿಸಿಯನ್ನು ಬೇಗ ಬಿಟ್ಟುಕೊಡುವ, ಒಂದು ಮೆಟ್ಟಿಲು ತಣ್ಣನೆಯ ಪ್ಲಗ್ಗು ಬೇಕು, ತುದಿಯ ಸಂದೂ ಚಿಕ್ಕದಿರಬೇಕು, ಇಲ್ಲದಿದ್ದರೆ ಒತ್ತಡದ ಗಾಳಿ ಕಿಡಿಯನ್ನೇ ಆರಿಸಿಬಿಡುತ್ತದೆ. ಅಳಿಯಂದಿರು ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೆಳಗೆ ತೂರಿಕೊಂಡರು. ನನಗೆ ಕಾಣುತ್ತಿದ್ದುದು ಅವರ ಪಾದಗಳು ಮಾತ್ರ. ಪಾದಗಳೊಡನೆ ಬಹುವಚನದಲ್ಲಿ ಮಾತಾಡುವ ಯೋಗ ಎಲ್ಲರಿಗೂ ಬರುವುದಿಲ್ಲ.

"ಮಾವ, ಟಾರ್ಚು ಸ್ವಲ್ಪ ಎಡಕ್ಕೆ."

"ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?"

ಕೆಳಗಿನಿಂದ ಉತ್ತರ ಬರಲಿಲ್ಲ. ಬಲಗಾಲಿನ ಹೆಬ್ಬೆರಳು ಒಂದು ಕಡೆಗೆ ಬಾಗಿತು. ಟಾರ್ಚನ್ನು ಆ ಕಡೆ ಹಿಡಿದೆ. ಸಾಕೆಟ್ಟು, ಅದಕ್ಕೊಂದು ಗಿಡ್ಡ ರಾಡು, ಅದಕ್ಕೆ ಕತ್ತು ತಿರುಗಿಸುವ ಒಂದು ಕೀಲು, ಮತ್ತೆ ಇನ್ನೊಂದು ರಾಡು, ಇಷ್ಟನ್ನೂ ಸಂದಿನೊಳಗೇ ಒಂದೊಂದಾಗಿ ಜೋಡಿಸಿ ತಿರುಗಿಸಿದರೆ ಒಂದು ಪ್ಲಗ್ಗು ಕಾಲು ಸುತ್ತು ಅಲುಗುತ್ತದೆ. ಕೊನೆಗೆ ಹೊರಬಂದ ಹಳೆಯ ಪ್ಲಗ್ಗಿನ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿತ್ತು. ಅಳಿಯಂದಿರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಎಂಜಿನ್ನು ಆರೋಗ್ಯವಾಗಿದೆ ಮಾವ" ಅಂದರು. ಆರೋಗ್ಯವಾಗಿರುವುದಕ್ಕೆ ಈ ಚಿಕಿತ್ಸೆ ಏತಕ್ಕೆ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಅವರ ಮೊಣಕೈಯಿಂದ ರಕ್ತ ಸುರಿಯುತ್ತಿದ್ದುದರಿಂದ ಸುಮ್ಮನಾದೆ.

ಕ್ಲಚ್ಚಿನದು ಬೇರೆಯೇ ರಾಜಕೀಯ. ಹೆಚ್ಚಿದ ಬಲಕ್ಕೆ ಹಳೆಯ ಕ್ಲಚ್ಚು ಜಾರುತ್ತದೆ. ಅಂಗಡಿಯಲ್ಲಿ ಕ್ಲಚ್ಚುಗಳನ್ನು ಸ್ಟೇಜ್ 1, 2, 3 ಎಂದು ಏರಿಸುತ್ತಾ ಹೋಗುತ್ತಾರೆ. ಮೇಲೆ ಹೋದಂತೆ ಹಿಡಿತ ಬಿಗಿ, ಪೆಡಲು ಭಾರ, ಬಿಡುವಾಗ ಕಾರು ಕಪ್ಪೆಯ ಹಾಗೆ ನೆಗೆಯುತ್ತದೆ. ಹುಡುಗರು ಮೂರಕ್ಕೇ ಕೈಹಾಕುತ್ತಾರೆ. 880ರಲ್ಲಿ ನಿಂತು ಹೊರಟು ನಿಂತು ಹೊರಡುವಾಗ ಎಡ ಮೊಣಕಾಲಿಗೆ ಏನಾಗುತ್ತದೆ ಎಂಬುದು ಅಂಗಡಿಯ ಫಲಕದ ಮೇಲೆ ಬರೆದಿರುವುದಿಲ್ಲ. ಮಗಳೂ ಆ ಕಾರನ್ನು ಓಡಿಸುತ್ತಾಳೆ. ಅವಳು ಒಂದನ್ನೇ ಮಂಜೂರು ಮಾಡಿದಳು. ನನ್ನ ಮಟ್ಟಿಗೆ ಆ ಕಾರಿನ ಇಡೀ ಯೋಜನೆಯಲ್ಲಿ ಅತ್ಯಂತ ಸರಿಯಾದ ತೀರ್ಮಾನ ಅದು.

ಪೆಟ್ರೋಲಿನ ವಿಷಯ ಬೇಗ ಮುಗಿಯುತ್ತದೆ. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು, ಒತ್ತಡದಲ್ಲಿದ್ದಾಗ ಲೆಕ್ಕಕ್ಕಿಂತ ಸ್ವಲ್ಪ ಧಾರಾಳವಾಗಿಯೇ ಬೇಕು, 14.7ರ ಬದಲು 12ರ ಸುತ್ತಮುತ್ತ. ಕಡಿಮೆ ಒತ್ತಡಕ್ಕೆ ಈ ಕಾರಿನ ಮೂಲ ಇಂಜೆಕ್ಟರುಗಳೇ ಸಾಕು. ಆದರೆ ಎಷ್ಟು ಸುರಿಯಬೇಕು, ಕಿಡಿ ಯಾವಾಗ ಹಾರಬೇಕು ಎಂದು ಎಂಜಿನ್ನಿನ ಕಂಪ್ಯೂಟರಿಗೆ ಹೊಸದಾಗಿ ಪಾಠ ಹೇಳಬೇಕು. ಅದೇ ಟ್ಯೂನಿಂಗ್. ಇಲ್ಲಿ ಜಿಪುಣತನ ಮಾಡಿದವರ ಎಂಜಿನ್ನುಗಳು ಗುಜರಿಯಲ್ಲಿ ಸಿಗುತ್ತವೆ.

ನಮ್ಮಲ್ಲಿ ಕೌಪೀನದ ಸನ್ಯಾಸಿಯ ಕಥೆ ಎಲ್ಲರಿಗೂ ಗೊತ್ತು. ಕೌಪೀನ ಕಡಿಯುವ ಇಲಿಗೆಂದು ಬೆಕ್ಕು, ಬೆಕ್ಕಿಗೆಂದು ಹಸು, ಹಸುವಿಗೆಂದು ಹುಲ್ಲುಗಾವಲು, ಎಲ್ಲವನ್ನೂ ನೋಡಿಕೊಳ್ಳಲು ಹೆಂಡತಿ. ಅಳಿಯಂದಿರ ಗ್ಯಾರೇಜು ನೋಡಿದವರಿಗೆಲ್ಲ ಈ ಕಥೆಯೇ ನೆನಪಾಗುತ್ತದೆ. ಬಂದ ನೆಂಟರೆಲ್ಲ ಅದನ್ನೇ ಹೇಳಿ ನಕ್ಕು ಹೋದರು. ನನಗೆ ಆ ಕಥೆಯ ಮೇಲೆ ಮೊದಲಿನಿಂದಲೂ ಒಂದು ತಕರಾರಿದೆ. ಹಸುವಿನಲ್ಲಿ ಏನು ತಪ್ಪಿತ್ತು? ಹಾಲು ಬಂತು, ಮಜ್ಜಿಗೆ ಬಂತು, ನಾಲ್ಕು ಜನ ಉಂಡರು. ಆ ಸಂಸಾರದಲ್ಲಿ ಯಾರ ಉಪಯೋಗಕ್ಕೂ ಬಾರದಿದ್ದ ವಸ್ತು ಕೌಪೀನ ಒಂದೇ. ಈ ಕಾರಿನಲ್ಲೂ ಹಾಗೇ. ತಣ್ಣಗಿರುವ ಆಯಿಲ್ಲು, ಜಾರದ ಕ್ಲಚ್ಚು, ಹಿಡಿಯುವ ಬ್ರೇಕು, ಇವೆಲ್ಲ ಬ್ಲೋವರು ಇಲ್ಲದಿದ್ದರೂ ಕೆಲಸಕ್ಕೆ ಬರುತ್ತವೆ. ಇವಿಲ್ಲದ ಬ್ಲೋವರು ಮಾತ್ರ ಯಾವ ಕೆಲಸಕ್ಕೂ ಬಾರದು.

ಬ್ರೇಕನ್ನು ಅಳಿಯಂದಿರು ಪಟ್ಟಿಯ ಕೊನೆಯಲ್ಲಿ ಬರೆದಿದ್ದರು. ನಾನು ಅದನ್ನು ಮೇಲಕ್ಕೆ ತರಿಸಿದೆ. ವೇಗ ಒಂದೂವರೆ ಪಟ್ಟಾದರೆ ಬ್ರೇಕು ನುಂಗಬೇಕಾದ ಶಾಖ ಎರಡೂಕಾಲು ಪಟ್ಟು. ಇದು ನಾವು ಪಿಯುಸಿಯಲ್ಲಿ ಓದಿದ್ದು, ಮರೆತದ್ದೂ ಹೌದು. ಬ್ರೇಕ್ ಆಯಿಲ್ಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ಲು ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು. ತೇವ ಹೀರಿದ್ದಕ್ಕೆ ದರ್ಜೆಯವರು ಕೊಡುವ ಭರವಸೆ 155ಕ್ಕೆ ನಿಲ್ಲುತ್ತದೆ. ಕುದಿದರೆ ಗುಳ್ಳೆ, ಗುಳ್ಳೆಯಾದರೆ ಪೆಡಲು ಕಾಲಡಿಯಲ್ಲಿ ಮೆತ್ತಗೆ ನೆಲಕ್ಕಿಳಿಯುತ್ತದೆ. ಇದನ್ನು ಕೇಳಿ ಅಳಿಯಂದಿರು ಮರುಮಾತಾಡದೆ ಪ್ಯಾಡು, ಆಯಿಲ್ಲು ಎರಡನ್ನೂ ತರಿಸಿದರು. ಟಯರನ್ನೂ ಬದಲಿಸಿದರು. ಈ ಕಾರಿಗೆ ಕಾರ್ಖಾನೆಯಲ್ಲೇ ಹಾಕಿ ಕಳಿಸುತ್ತಿದ್ದುದು ಪ್ರಿಯಸ್‌ಗೂ ಹಾಕುತ್ತಿದ್ದ ಮಿಷೆಲಿನ್ ಪ್ರೈಮಸಿ ಟಯರು. ತಿರುವಿನಲ್ಲಿ ಹಿಂದಿನ ಚಕ್ರ ಸ್ವಲ್ಪ ಜಾರಿ ಓಡಿಸುವವರಿಗೆ ಮೋಜಾಗಲಿ ಎಂದು ಟೊಯೋಟಾದವರು ಬೇಕೆಂದೇ ಮಾಡಿದ್ದು. ಪಕ್ಕದ ಸೀಟಿನಲ್ಲಿ ಮಾವ ಕೂತಿರುತ್ತಾನೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

ಇನ್ನು ಸರ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಗಾಳಿಗೂ ಒಂದು ಮಂಡಳಿ ಇದೆ. ಎಂಜಿನ್ನಿನ ಹೊಗೆಗೆ ಸಂಬಂಧಿಸಿದ ಭಾಗ ಏನೇ ಹಾಕಿದರೂ ಅದಕ್ಕೆ ಆ ಮಂಡಳಿಯ ಆದೇಶದ ನಂಬರು ಇರಬೇಕು, ಆ ನಂಬರಿನ ಚೀಟಿ ಬಾನೆಟ್ಟಿನ ಒಳಗೆ ಕಾಣುವಂತೆ ಅಂಟಿರಬೇಕು. ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ. ತಪಾಸಣೆಯವರು ಹೊಗೆಯ ಜೊತೆಗೆ ಚೀಟಿಯನ್ನೂ ನೋಡುತ್ತಾರೆ; 2021ರ ಜುಲೈಯಿಂದ ಕಂಪ್ಯೂಟರಿನೊಳಗಿನ ಪಾಠ ಅನುಮತಿ ಇರುವುದೋ ಕಳ್ಳಪಾಠವೋ ಎಂಬುದನ್ನೂ ನೋಡುತ್ತಾರೆ. ಅಳಿಯಂದಿರು ಅನುಮತಿ ಇರುವ ಕಿಟ್ಟನ್ನೇ ಕೊಂಡರು. ಅವರ ಗೆಳೆಯರೊಬ್ಬರು ಬಂದು, ಪುಲ್ಲಿ ಸ್ವಲ್ಪ ಚಿಕ್ಕದು ಹಾಕಿದರೆ ಇನ್ನೂ ಮೂವತ್ತು ಕುದುರೆ ಬರುತ್ತವೆ ಎಂದು ಕಿವಿಯೂದಿದರು. ಪುಲ್ಲಿ ಬದಲಿಸಿದರೆ ಆದೇಶದ ನಂಬರು ಬಿದ್ದುಹೋಗುತ್ತದೆ. ಜೊತೆಗೆ ಈ ಎಂಜಿನ್ನಿನ ಕನೆಕ್ಟಿಂಗ್ ರಾಡುಗಳು ಚಕ್ರದ ಬಳಿ 300 ಕುದುರೆಯ ಹತ್ತಿರ ಬಂದರೆ ಕೈಕೊಡಬಹುದು ಎಂಬುದು ಈ ಕಾರು ಬಲ್ಲವರೆಲ್ಲ ಒಪ್ಪುವ ಮಾತು. ರಾಡು ಮುರಿದು ಎಂಜಿನ್ನಿನ ಗೋಡೆ ತೂರಿದರೆ ಸೋಮವಾರ ಆಫೀಸಿಗೆ ಹೋಗುವುದು ಹೇಗೆ? ಗೆಳೆಯರಿಗೆ ಎರಡನೇ ಕಾಫಿ ಸಿಗಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಸ್ಕೈಲೈನ್ ರಸ್ತೆಗೆ ಹೋದರು. ರೆಡ್‌ವುಡ್ ಮರಗಳ ನಡುವೆ ಗುಡ್ಡದ ನೆತ್ತಿಯ ಮೇಲೇ ಸಾಗುವ ದಾರಿ ಅದು. ರಜಾದಿನಗಳಲ್ಲಿ ಬೈಕಿನವರು, ಕಾರಿನವರು ಎಲ್ಲ ವುಡ್‌ಸೈಡಿನ ಮೇಲಿನ ಆಲಿಸಸ್ ರೆಸ್ಟೋರೆಂಟಿನ ಮುಂದೆ ಸೇರುತ್ತಾರೆ. ಮೊದಲಿದ್ದ ಆ ತಡವರಿಕೆ ಮಾಯವಾಗಿತ್ತು. ಸುತ್ತು ಏರಿದಂತೆ ಸಣ್ಣ ಸಿಳ್ಳೆಯೊಂದು ಏರಿತು, ಬೆನ್ನು ಸೀಟಿಗೆ ಅಂಟಿತು. ಅಳಿಯಂದಿರು ನನ್ನ ಮುಖ ನೋಡುತ್ತಿದ್ದರು. ನಾನು ಆಯಿಲ್ಲಿನ ಮುಳ್ಳು ನೋಡುತ್ತಿದ್ದೆ. ಏರು ಮುಗಿದರೂ ಅದು 105 ದಾಟಿರಲಿಲ್ಲ, ಎಸಿ ತಣ್ಣಗೆ ಬೀಸುತ್ತಿತ್ತು, ತಿರುವಿಗೆ ಮುಂಚೆ ಬ್ರೇಕು ಕೇಳಿದಷ್ಟು ಹಿಡಿಯಿತು. "ಹೇಗಿದೆ ಮಾವ?" ಅಂದರು. "ಥರ್ಮೊಸ್ಟ್ಯಾಟು ಚೆನ್ನಾಗಿದೆ" ಅಂದೆ. ಅವರಿಗೆ ಸ್ವಲ್ಪ ಬೇಸರವಾಯಿತೆಂದು ಕಾಣುತ್ತದೆ.

ನಿಮ್ಮ ಮನೆಯಲ್ಲೂ ಮಗನೋ ಅಳಿಯನೋ ಹೀಗೊಂದು ಆಸೆ ಹೇಳಿಕೊಂಡರೆ ಬೇಡ ಅನ್ನಬೇಡಿ, ಪ್ರಯೋಜನವಿಲ್ಲ. ಕಿಟ್ಟಿನ ಬೆಲೆ ಕೇಳಿ. ಹೆಚ್ಚುಕಡಿಮೆ ಅಷ್ಟೇ ಮೊತ್ತ ಇನ್ನೊಂದು ಕೈಯಲ್ಲಿದೆಯೇ ಎಂದೂ ಕೇಳಿ. ಇದ್ದರೆ ಆ ಎರಡನೆಯ ಮೊತ್ತವನ್ನು ಮೊದಲು ಖರ್ಚು ಮಾಡಲಿ, ಬ್ಲೋವರು ಕೊನೆಗೆ ಬರಲಿ. ಇಲ್ಲದಿದ್ದರೆ ಒಳ್ಳೆಯ ಟಯರು, ಒಳ್ಳೆಯ ಬ್ರೇಕ್ ಪ್ಯಾಡು ಹಾಕಿಸಿಕೊಂಡು ಇರುವ ಇನ್ನೂರು ಕುದುರೆಯಲ್ಲೇ ಓಡಿಸಲಿ, ಅದೇನೂ ಕಡಿಮೆಯಲ್ಲ. ಬ್ರೇಕ್ ಆಯಿಲ್ಲನ್ನಂತೂ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅದು ನಿಮ್ಮ ಮಾರುತಿಗೂ ಅನ್ವಯಿಸುತ್ತದೆ.